ವಿರಾಜಪೇಟೆಯ ಆ ಸಿಸ್ಟರ್‌ಗೆ ತುಂಬಾ ಥ್ಯಾಂಕ್ಸ್

ಹೋದ ವಾರ ಅಮ್ಮಂಗೆ ಕೆಳಗಿನ ದವಡೆ ಹಲ್ಲು ಕೀಳಿಸ್ಬೇಕಾಯ್ತು. ರಾತ್ರಿಯಿಡೀ ನಿದ್ದೆ ಇಲ್ಲ, ಜೋರು ಮಳೆ ಬೇರೆ, ಕಕ್ಕಬ್ಬೆ ಕಡೆಯಿಂದ ವಿರಾಜಪೇಟೆ ತಲುಪೋಷ್ಟ್ರಲ್ಲಿ ಅಮ್ಮ ನಡುಗ್ತಿದ್ರು, ಹಲ್ಲು ಕೀಳಿಸಿದ್ರೆ ಕಣ್ಣು ಹೋಗುತ್ತೆ ಅಂತ ಯಾರೋ ತಲೆಗೆ ತುಂಬಿದ್ರು.

ಡಾಕ್ಟರ್ ಜೊತೆ ಇದ್ದ ಸಿಸ್ಟರ್ ಮೊದ್ಲು ಅಮ್ಮನ ಒದ್ದೆ ಶಾಲು ತಗೊಂಡು ಫ್ಯಾನ್ ಕೆಳಗೆ ಹರವಿದ್ರು. ಬಿಪಿ, ಶುಗರ್ ನೋಡಿ, ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ ಅಂತ ಕೇಳಿ, "ಕಣ್ಣಿನ ನರವೇ ಬೇರೆ, ಹಲ್ಲಿನ ನರವೇ ಬೇರೆ ಅಮ್ಮ" ಅಂದ್ರು. ಇಂಜೆಕ್ಷನ್ ಆದ್ಮೇಲೆ ತುಟಿ ಜೋಮು ಹಿಡೀತಾ ಅಂತ ಕೇಳ್ತಾನೇ ಇದ್ರು, ಪೂರ್ತಿ ಹಿಡಿದ್ಮೇಲೇನೇ ಶುರು. "ಒತ್ತಿದ ಹಾಗೆ ಆಗುತ್ತೆ ಅಷ್ಟೇ, ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತಾರೆ." ಈ ಮಾತಿಂದಾನೇ ಅಮ್ಮಂಗೆ ಧೈರ್ಯ ಬಂದಿದ್ದು, ನಂಗೂ. ಹಲ್ಲನ್ನ ಜಗ್ಗಿ ಎಳೆಯೋದಲ್ಲ, ಸುತ್ತಲ ಹಿಡಿತ ಸಡಿಲಿಸಿ ಮೆಲ್ಲಗೆ ಅಲ್ಲಾಡಿಸಿ ತೆಗೀತಾರೆ, ಅಷ್ಟೂ ಹೊತ್ತು ಸಿಸ್ಟರ್ ಅವರ ಒಂದು ಕೈ ಅಮ್ಮನ ದವಡೆ ಕೆಳಗೆ ಆಧಾರವಾಗಿತ್ತು.

ಆಮೇಲೆ ಗಾಜ್ ಬಟ್ಟೆ ಕಚ್ಚಿಸಿ, ತೆಗೆಯೋ ಟೈಮ್ ಚೀಟಿ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ರು. 24 ಗಂಟೆ ಉಗುಳೋದು, ಮುಕ್ಕಳಿಸೋದು ಬೇಡ, ಹೆಪ್ಪುಗಟ್ಟಿದ ರಕ್ತ ಕಿತ್ತುಹೋದ್ರೆ ಒಳಗಿನ ಮೂಳೆ ಬಯಲಾಗಿ ಇನ್ನೂ ಜಾಸ್ತಿ ನೋಯುತ್ತಂತೆ. ಅಮ್ಮನ ಕೈಲಿದ್ದ ಎಲೆ ಅಡಿಕೆ ಸಂಚಿ ನೋಡಿ, "ಇದಂತೂ ಬೇಡ್ವೇ ಬೇಡ" ಅಂತ ನನ್ನ ಕೈಗೆ ಕೊಟ್ಟುಬಿಟ್ರು.

ಅಮ್ಮ ಈಗ ಅಕ್ಕಿ ರೊಟ್ಟಿ ತಿಂತಿದ್ದಾರೆ ಸಿಸ್ಟರ್. ಬಸ್ಸಿನ ಗಡಿಬಿಡೀಲಿ ನಿಮ್ಮ ಹೆಸರು ಕೇಳೋಕಾಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ತುಂಬಾ ಥ್ಯಾಂಕ್ಸ್.