ಡೈನೋಸಾರ್ ಸಾಕು, ಮೀನಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಪಳೆಯುಳಿಕೆ ಅಂದ ಕೂಡಲೇ ಪತ್ರಿಕೆಗಳಲ್ಲಿ ಡೈನೋಸಾರ್ ಚಿತ್ರವೇ ಜಾಸ್ತಿ. ಮೀನಿನ ಕಥೆ ಅದಕ್ಕಿಂತ ಸ್ವಾರಸ್ಯ. ನೆಲದ ಮೇಲೆ ನಡೆಯುವ ನಾವೆಲ್ಲ ಮೀನಿನ ವಂಶದಿಂದಲೇ ಬಂದವರು. ನಮ್ಮ ಮನೆತನದ ಕಥೆ ಅಲ್ವಾ ಅದು!

2004ರಲ್ಲಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ಮತ್ತು ಜೊತೆಗಾರರಿಗೆ ‘ಟಿಕ್ಟಾಲಿಕ್’ ಎಂಬ ಮೀನಿನ ಪಳೆಯುಳಿಕೆ ಸಿಕ್ಕಿತು. ಸುಮಾರು 37.5 ಕೋಟಿ ವರ್ಷ ಹಳೆಯದು. ಮೈಮೇಲೆ ಮೀನಿನ ಹುರುಪೆ, ತಲೆ ಮೊಸಳೆಯಂತೆ ಚಪ್ಪಟೆ. ಮೀನಿಗಿಲ್ಲದ ಕುತ್ತಿಗೆ ಬೇರೆ. ಈಜುರೆಕ್ಕೆಯೊಳಗೆ ನಮ್ಮ ತೋಳು, ಮಣಿಕಟ್ಟಿನಂಥ ಮೂಳೆಗಳು. ಸುಮ್ನೆ ಸಿಕ್ಕಿದ್ದಲ್ಲ. ಮೀನಿನ ವಂಶ ನೆಲಕ್ಕೆ ಕಾಲಿಡುತ್ತಿದ್ದ ಕಾಲದ ಬಂಡೆ ಎಲ್ಲಿದೆ ಎಂದು ಭೂಪಟದಲ್ಲಿ ಗುರುತಿಸಿ, ವರ್ಷಗಟ್ಟಲೆ ಹುಡುಕಿದ್ದರು. ಹೆಸರು ಸೂಚಿಸಿದವರು ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರ ಹಿರಿಯರು. ಅವರ ಭಾಷೆಯಲ್ಲಿ ಅದು ಸಿಹಿನೀರಿನ ದೊಡ್ಡ ಮೀನು.

ಮುಂದಿನ ಮಕ್ಕಳ ಪುಟದಲ್ಲಿ ಇದರ ದೊಡ್ಡ ಚಿತ್ರ ಹಾಕಿ. ಮೂಳೆಗಳು ಕಾಣುವಂತಿರಲಿ.

– ಓದುಗ, ಮೈಸೂರು