ನಮ್ಮಪ್ಪನ ಹೆಸರಿದ್ದ ಆ ಬೋರ್ಡು: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಪತ್ರ

ಮಾನ್ಯ ಡಾ. ಶರಣಪ್ರಕಾಶ ಪಾಟೀಲ ಅವರಿಗೆ,

ನಮಸ್ಕಾರ ಸರ್.

ಐದು ತಿಂಗಳ ಹಿಂದೆ ನಮ್ಮಪ್ಪನನ್ನು ಮೆಡಿಕಲ್ ಕಾಲೇಜಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಅವರಿಗೆ ಟಿ.ಬಿ. (ಕ್ಷಯ) ಆಗಿತ್ತು. ಊರಲ್ಲಿ ಯಾರಿಗೂ ಹೇಳಬೇಡಿ ಅಂತ ಅಪ್ಪ ಅಂದಿದ್ದರು, ನಾವೂ ಹೇಳಿರಲಿಲ್ಲ. ನಾಲ್ಕನೇ ದಿನ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. "ಅಕ್ಕಾ, ದೊಡ್ಡಪ್ಪಂಗೆ ಟಿ.ಬಿ. ಅಂತೆ, ಹೌದಾ?" ಆಮೇಲೆ ಒಂದು ರೀಲ್ ಕಳಿಸಿದಳು.

ಅದರಲ್ಲಿ ಒಬ್ಬ ಹೌಸ್ ಸರ್ಜನ್ ಹುಡುಗಿ, ಅಂದರೆ ಇನ್ನೂ ತರಬೇತಿಯಲ್ಲಿರುವ ಡಾಕ್ಟರು. ನೈಟ್ ಡ್ಯೂಟಿ, ಕೊರಳಲ್ಲಿ ಸ್ಟೆತೊಸ್ಕೋಪು, ಕೈಯಲ್ಲಿ ಚಹಾ, ಜೊತೆಗೊಂದು ಹಾಡು. ಅವಳ ಹೆಗಲ ಹಿಂದೆ ವಾರ್ಡಿನ ಬಿಳಿ ಬೋರ್ಡು. ಬೆಡ್ ನಂಬರ್, ಅಪ್ಪನ ಹೆಸರು, ವಯಸ್ಸು, ಪಕ್ಕದಲ್ಲೇ ಕೆಂಪು ಅಕ್ಷರದಲ್ಲಿ ಕಾಯಿಲೆ. ಹುಡುಗಿ ನಮ್ಮ ತಾಲ್ಲೂಕಿನವಳೇ. ಊರಿನ ಹುಡುಗರೆಲ್ಲ ಅವಳನ್ನು ಫಾಲೋ ಮಾಡುತ್ತಾರೆ.

ನಾನು ಹೋಗಿ ಮಾತಾಡಿಸಿದೆ. ಕಣ್ಣು ಕೆಂಪಾಗಿತ್ತು, ಎಷ್ಟು ಹೊತ್ತಿನಿಂದ ಡ್ಯೂಟಿಯಲ್ಲಿದ್ದಳೋ. "ಅಕ್ಕಾ, ಹಿಂದೆ ಬೋರ್ಡ್ ಇರೋದು ತಲೆಗೇ ಹೋಗ್ಲಿಲ್ಲ" ಅಂತ ಅತ್ತಳು. ನನ್ನೆದುರೇ ರೀಲ್ ಅಳಿಸಿದಳು. ಅಷ್ಟರಲ್ಲಿ ಊರು ನೋಡಿಯಾಗಿತ್ತು. ಅಪ್ಪ ಮನೆಗೆ ಬಂದಮೇಲೆ ದಿನಾ ಹೋಗುವ ಹೋಟೆಲಿನಲ್ಲಿ ಎಲ್ಲರಿಗೂ ಗಾಜಿನ ಲೋಟ, ಅವರಿಗೆ ಮಾತ್ರ ಪೇಪರ್ ಕಪ್ಪು. ಮರುದಿನದಿಂದ ಅವರು ಹೋಗಲಿಲ್ಲ.

ಆ ಹುಡುಗಿಗೆ ಶಿಕ್ಷೆ ಕೊಡಿ ಅಂತ ನಾನು ಬರೆಯುತ್ತಿಲ್ಲ. 2024ರ ಫೆಬ್ರವರಿಯಲ್ಲಿ ಗದಗದ ವೈದ್ಯಕೀಯ ವಿದ್ಯಾರ್ಥಿಗಳು ಆಸ್ಪತ್ರೆಯೊಳಗೆ ರೀಲ್ ಮಾಡಿದರು ಅಂತ 38 ಜನರನ್ನು ಅಮಾನತು ಮಾಡಿದರು. ಅದೇ ತಿಂಗಳು ಚಿತ್ರದುರ್ಗ ಜಿಲ್ಲೆಯ ಭರಮಸಾಗರದಲ್ಲಿ ಆಪರೇಷನ್ ಥಿಯೇಟರಿನಲ್ಲಿ ಪ್ರಿ-ವೆಡ್ಡಿಂಗ್ ಶೂಟ್ ಮಾಡಿದ ಗುತ್ತಿಗೆ ವೈದ್ಯರ ಕೆಲಸ ಹೋಯಿತು. ಎರಡೂ ಸಲ ಕ್ರಮ ಆಗಿದ್ದು ವಿಡಿಯೊ ಊರೆಲ್ಲ ಹರಿದಾಡಿದ ಮೇಲೆ. ಮೊದಲೇ ಕೂರಿಸಿ ಹೇಳಿಕೊಡುವವರು ಯಾರು ಸರ್?

ನಿಯಮದ ಕಥೆ ನಿಮಗೆ ಗೊತ್ತೇ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂದಿತು. ವೈದ್ಯರು ಸೋಷಿಯಲ್ ಮೀಡಿಯಾದಲ್ಲಿ ಹೇಗಿರಬೇಕು ಅಂತ ಅದರಲ್ಲಿ ಬರೆದಿತ್ತು. ಅದೇ ತಿಂಗಳು ಅದನ್ನು ತಡೆಹಿಡಿದು, ಮತ್ತೆ 2002ರ ನಿಯಮಕ್ಕೇ ಹೋದರು. 2002ರಲ್ಲಿ ಫೇಸ್‌ಬುಕ್ ಕೂಡ ಹುಟ್ಟಿರಲಿಲ್ಲ! ರೋಗಿಯ ಒಪ್ಪಿಗೆಯಿಲ್ಲದೆ, ಗುರುತು ಸಿಗುವ ಹಾಗೆ ಜರ್ನಲ್‌ನಲ್ಲಿ ಫೋಟೊ ಹಾಕಬಾರದು ಅಂತ ಅದರಲ್ಲಿದೆ. ರಾತ್ರಿ ಎರಡಕ್ಕೆ ಫೋನ್ ಎತ್ತುವ ಹುಡುಗಿಗೆ ಅದು ಎಲ್ಲಿ ನೆನಪಾಗಬೇಕು?

ಹಾಗಂತ ಫೋನೇ ಬೇಡ ಅಂತ ಸುತ್ತೋಲೆ ಹೊರಡಿಸಬೇಡಿ, ದಯವಿಟ್ಟು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ವಾಟ್ಸಾಪ್ ಗುಂಪು ಕಟ್ಟಿ, ಹಳ್ಳಿ ವೈದ್ಯರು ಕಳಿಸುವ ಇ.ಸಿ.ಜಿ. ನೋಡಿ ಸಲಹೆ ಕೊಡುವ ದಾರಿ ಮಾಡಿದರು. ಫೋನ್ ಜೀವ ಉಳಿಸುತ್ತದೆ. ನಮ್ಮಪ್ಪನಿಗೂ ಆಸರೆಯಾಗಿದ್ದು ಫೋನೇ. ಮಾತ್ರೆ ಸರಿಯಾಗಿ ತಗೊಂಡರೆ ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಟಿ.ಬಿ. ಬೇರೆಯವರಿಗೆ ಹರಡುವುದು ನಿಲ್ಲುತ್ತದೆ ಅಂತ ಒಬ್ಬ ಡಾಕ್ಟರು ಕನ್ನಡದಲ್ಲಿ ಮಾಡಿದ ವಿಡಿಯೊ ಸಿಕ್ಕಿತು. ಹೋಟೆಲಿನವರಿಗೆ ತೋರಿಸಿದೆ. ಎರಡು ಸಲ ನೋಡಿದರು. "ಅಣ್ಣನ್ನ ಕಳ್ಸಮ್ಮ" ಅಂದರು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಿಮ್ಮ ಇಲಾಖೆಗೇ ಸೇರಿದ್ದು. ಎಂ.ಬಿ.ಬಿ.ಎಸ್. ಪಠ್ಯದಲ್ಲಿ 2019ರಿಂದ ನಡತೆ, ನೀತಿ, ಮಾತುಕತೆ ಕಲಿಸುವ ಭಾಗ ಇದೆ. ವಾರ್ಡಿಗೆ ಕಾಲಿಡುವ ಮೊದಲೇ ಅದರಲ್ಲಿ ಒಂದು ಪೂರ್ತಿ ದಿನ ಫೋನಿಗೆ ಅಂತ ಇಡಿಸಿ. ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಮಕ್ಕಳಿಗೂ ಇರಲಿ, ಅವರೂ ಅದೇ ಬೋರ್ಡಿನ ಮುಂದೆ ನಿಲ್ಲುತ್ತಾರೆ. ಎಲ್ಲಿ ತೆಗೆಯಬಾರದು, ಯಾರನ್ನು ಕೇಳಬೇಕು ಅನ್ನುವುದು ಕನ್ನಡದಲ್ಲಿ ಒಂದೇ ಪುಟದಲ್ಲಿ ಇರಲಿ. ಹಾಸ್ಟೆಲ್ ನೀರಿನ ಬಗ್ಗೆಯೋ ಡ್ಯೂಟಿ ಜಾಸ್ತಿ ಅಂತಲೋ ಬರೆದವರ ಬಾಯಿ ಮುಚ್ಚಿಸಲು ಆ ಪುಟ ಬಳಕೆಯಾಗಬಾರದು. ಇನ್ನು ಬೋರ್ಡಿನ ಮೇಲೆ ಹೆಸರಿನ ಪಕ್ಕ ಕಾಯಿಲೆ ಬರೆಯುವುದನ್ನು ನಾಳೆಯೇ ನಿಲ್ಲಿಸಬಹುದು. ಅದಕ್ಕೆ ದುಡ್ಡೂ ಬೇಡ, ಸಮಿತಿಯೂ ಬೇಡ.

ಅಪ್ಪನ ಆರು ತಿಂಗಳ ಮಾತ್ರೆ ಮುಂದಿನ ತಿಂಗಳು ಮುಗಿಯುತ್ತದೆ. ಕೊನೆಯ ತಪಾಸಣೆಗೆ ಅದೇ ವಾರ್ಡಿನ ಮುಂದೆ ಹೋಗಬೇಕು. ಆಗ ಆ ಬೋರ್ಡನ್ನು ನೋಡುತ್ತೇನೆ.

ಇಂತಿ,
ಒಬ್ಬ ರೋಗಿಯ ಮಗಳು