‘ನಡೀರಿ’ ಅಂದರೆ ಸಾಲದು, ನಡೆಸುವವರು ಬೇಕು

ಸಂಪಾದಕರಿಗೆ ನಮಸ್ಕಾರ.

ಕರುಳಿನ ಕ್ಯಾನ್ಸರಿಗೆ ಬರುತ್ತಿರುವ ಹೊಸ ಔಷಧಿಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಬಿಡದೆ ಓದುತ್ತೇನೆ. ಆದರೆ 2025ರ ಜೂನ್ 1ರಂದು ಷಿಕಾಗೊದ ಕ್ಯಾನ್ಸರ್ ವೈದ್ಯರ ಸಮ್ಮೇಳನದಲ್ಲಿ ಹೊರಬಿದ್ದ, ಈ ಕಾಯಿಲೆಯವರಿಗೆ ವ್ಯಾಯಾಮದಿಂದ ಆಗುವ ಉಪಯೋಗದ ಒಂದು ಅಧ್ಯಯನದ ಬಗ್ಗೆ ನಮ್ಮ ಕಡೆ ಜಾಸ್ತಿ ಮಾತೇ ಆಗಲಿಲ್ಲ. ಆದ ಅಷ್ಟಿಷ್ಟು ಮಾತೂ ದಾರಿ ತಪ್ಪಿತು. ‘ವಾಕಿಂಗ್ ಮಾಡಿದರೆ ಕ್ಯಾನ್ಸರ್ ಬರಲ್ಲ, ಕೀಮೋನೂ ಬೇಡ’ ಎಂಬ ಸಂದೇಶ ನಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಓದಿ ತುಂಬಾ ಬೇಜಾರಾಯಿತು. ಯಾಕೆಂದರೆ ಆ ಅಧ್ಯಯನದಲ್ಲಿದ್ದವರೆಲ್ಲ ಆಪರೇಷನ್ ಮಾಡಿಸಿಕೊಂಡು, ಕೀಮೋ ಪೂರ್ತಿ ಮುಗಿಸಿದ್ದವರು.

ನನ್ನ ಯಜಮಾನರಿಗೂ ಅದೇ ಕಾಯಿಲೆ. ದೊಡ್ಡ ಕರುಳಿನಲ್ಲಿ ಗಡ್ಡೆ, ಮೂರನೇ ಹಂತ. ಆಪರೇಷನ್ ಆಯಿತು, ಕೀಮೋ ಆಯಿತು. ಕೊನೆಯ ಡೋಸ್ ಮುಗಿದಾಗ ಚೀಟಿಯಲ್ಲಿ ಕ್ಯಾನ್ಸರ್ ಮತ್ತೆ ಬಂದಿದೆಯೇ ಎಂದು ನೋಡುವ ಸಿಇಎ ರಕ್ತಪರೀಕ್ಷೆ, ಸ್ಕ್ಯಾನ್, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲನೋಸ್ಕೋಪಿ ಎಲ್ಲ ಬರೆದುಕೊಟ್ಟರು. ‘ಸ್ವಲ್ಪ ನಡೀತಾ ಇರಿ’ ಎಂದು ಬಾಯಲ್ಲಿ ಹೇಳಿದರು, ಅಷ್ಟೇ. ಹೊರಗೆ ಬೆಂಚು ತುಂಬಾ ಜನ ಕಾಯುತ್ತಿದ್ದರು. ಡಾಕ್ಟರಿಗೆ ಅದಕ್ಕಿಂತ ಜಾಸ್ತಿ ಹೇಳಲು ಪುರುಸೊತ್ತಾದರೂ ಎಲ್ಲಿತ್ತು?

ನಮ್ಮ ಮನೆಯಿಂದ ಕುಕ್ಕರಹಳ್ಳಿ ಕೆರೆ ದೂರವೇನಿಲ್ಲ. ಕಾಯಿಲೆಗೆ ಮುಂಚೆ ದಿನಾ ಬೆಳಿಗ್ಗೆ ಕೆರೆ ಸುತ್ತಿ ಬರುತ್ತಿದ್ದ ಮನುಷ್ಯ ಇವರು. ಈಗ ಗೇಟಿನ ತನಕ ಹೋಗಲೂ ಹೆದರುತ್ತಿದ್ದರು. ಕೀಮೋದಲ್ಲಿ ಕೊಡುವ ಆಕ್ಸಾಲಿಪ್ಲಾಟಿನ್ ಔಷಧಿಯಿಂದ ಬೆರಳು, ಪಾದ ಜೋಮು ಹಿಡಿಯುತ್ತದೆ. ಚಪ್ಪಲಿ ಕಾಲಿಂದ ಜಾರಿದರೂ ಇವರಿಗೆ ಗೊತ್ತಾಗುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ನೆಲ ಎಲ್ಲಿದೆ ಎಂದು ಕಣ್ಣಲ್ಲಿ ನೋಡಿಕೊಂಡೇ ಕಾಲಿಡಬೇಕಿತ್ತು. ನೋಡಲು ಬಂದವರೆಲ್ಲ ಎಳನೀರು ಕೊಟ್ಟು, ‘ಆಯಾಸ ಮಾಡ್ಕೋಬೇಡಿ, ಮಲಗಿರಿ’ ಎಂದು ಹೇಳಿಹೋಗುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಇವರು ಮಲಗಿಯೇ ಇದ್ದರು. ತೊಡೆ ಕರಗಿತು, ಊಟ ಸೇರದಾಯಿತು.

ಈಗ ಆ ಅಧ್ಯಯನದ ವಿಷಯ. ‘ಚಾಲೆಂಜ್’ ಅಂತ ಅದರ ಹೆಸರು. ಕೆನಡಾದ ಕಿಂಗ್‌ಸ್ಟನ್ ಊರಿನ ಕ್ವೀನ್ಸ್ ವಿಶ್ವವಿದ್ಯಾಲಯದ ಡಾ. ಕ್ರಿಸ್ಟೋಫರ್ ಬೂತ್ ಮತ್ತು ಸಂಗಡಿಗರು ಮಾಡಿದ್ದು. ಒಟ್ಟು 889 ರೋಗಿಗಳು, 55 ಆಸ್ಪತ್ರೆಗಳು, ಬಹುಪಾಲು ಕೆನಡಾ ಮತ್ತು ಆಸ್ಟ್ರೇಲಿಯಾದವು. 2009ರಲ್ಲಿ ಶುರುವಾಗಿದ್ದು, ರೋಗಿಗಳನ್ನು ಸೇರಿಸಿಕೊಂಡು ಮುಗಿಸುವಷ್ಟರಲ್ಲಿ 2024 ಬಂದಿತ್ತು. ನಡಿಗೆಯನ್ನು ಬಾಟಲಿಗೆ ತುಂಬಿ ಮಾರಲು ಆಗುವುದಿಲ್ಲವಲ್ಲ, ಯಾವ ಔಷಧಿ ಕಂಪನಿ ಇಷ್ಟು ವರ್ಷ ದುಡ್ಡು ಹಾಕುತ್ತದೆ? ಕೆನಡಿಯನ್ ಕ್ಯಾನ್ಸರ್ ಸೊಸೈಟಿಯಂಥ ಸಂಸ್ಥೆಗಳು ಹಾಕಿದವು. ಅವರಿಗೆ ಕೈಮುಗಿಯಬೇಕು.

ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ ಮಾಡಿಸಿದ್ದರು. ಫಲಿತಾಂಶ ಹೀಗಿದೆ. ವ್ಯಾಯಾಮದ ಗುಂಪಿನಲ್ಲಿ ಎಂಟು ವರ್ಷದ ಹೊತ್ತಿಗೆ ನೂರಕ್ಕೆ 90 ಜನ ಬದುಕಿದ್ದರು. ಇನ್ನೊಂದು ಗುಂಪಿನಲ್ಲಿ 83. ಐದು ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವರು ವ್ಯಾಯಾಮದ ಗುಂಪಿನಲ್ಲಿ 80, ಇನ್ನೊಂದರಲ್ಲಿ 74. ಕೆಲವು ದುಬಾರಿ ಔಷಧಿಗಳೂ ಇಷ್ಟು ವ್ಯತ್ಯಾಸ ತರುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾದ್ದು ಇಲ್ಲಿದೆ. ‘ವ್ಯಾಯಾಮ ಒಳ್ಳೆಯದು’ ಎಂದು ತಿಳಿಸುವ ಪುಸ್ತಿಕೆಯನ್ನು ಎರಡೂ ಗುಂಪಿಗೆ ಕೊಟ್ಟಿದ್ದರು. ಒಂದು ಗುಂಪಿಗೆ ಅದರ ಜೊತೆಗೆ ಒಬ್ಬ ತರಬೇತುದಾರರನ್ನೂ ಕೊಟ್ಟರು, ಅದೂ ಮೂರು ವರ್ಷ. ಮೊದಲ ಆರು ತಿಂಗಳು ಎರಡು ವಾರಕ್ಕೊಮ್ಮೆ ಭೇಟಿ, ಮುಂದಿನ ಆರು ತಿಂಗಳು ಎರಡು ವಾರಕ್ಕೊಮ್ಮೆ ಭೇಟಿ ಇಲ್ಲವೇ ಫೋನ್, ಆಮೇಲೆ ತಿಂಗಳಿಗೊಮ್ಮೆ. ವಾರದಲ್ಲಿ ಮೂರ್ನಾಲ್ಕು ದಿನ ಮುಕ್ಕಾಲು ಗಂಟೆ, ಒಂದು ಗಂಟೆ ಚುರುಕಾಗಿ ನಡೆಯುವಷ್ಟು ವ್ಯಾಯಾಮ ಜಾಸ್ತಿ ಮಾಡಿಸುವುದು ಅವರ ಗುರಿ. ಯಾರಿಗೆ ಏನು ಆಗುತ್ತದೋ ಅದನ್ನೇ ಮಾಡಿಸಿದರು. ಅಂದರೆ ಪುಸ್ತಿಕೆ ಒಂದನ್ನೇ ಪಡೆದವರಿಗಿಂತ, ಜೊತೆಗೆ ಒಬ್ಬ ಮನುಷ್ಯನನ್ನೂ ಪಡೆದವರು ಜಾಸ್ತಿ ಬದುಕಿದರು. ನಮ್ಮ ಆಸ್ಪತ್ರೆಗಳಲ್ಲಿ ಸಿಗುತ್ತಿರುವುದು ಪುಸ್ತಿಕೆಗಿಂತಲೂ ಕಡಿಮೆ, ಬಾಗಿಲ ಬಳಿ ಒಂದು ಮಾತು.

ನಮಗೆ ಅದೃಷ್ಟಕ್ಕೆ ಪಕ್ಕದ ಬೀದಿಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ ಸಿಕ್ಕಳು. ಬಂದವಳೇ ಮೊದಲು ಇವರ ಪಾದ ನೋಡಿದಳು. ಚಪ್ಪಲಿ ಬಿಡಿಸಿ, ಹಿಮ್ಮಡಿ ಬಿಗಿಯಾಗಿ ಹಿಡಿಯುವ ಶೂ ಹಾಕಿಸಿದಳು. ಹೊಲಿಗೆ ಹಾಕಿದ ಹೊಟ್ಟೆಗೆ ಒತ್ತಡ ಬೀಳದ ಹಾಗೆ ಕುರ್ಚಿಯಿಂದ ಏಳುವುದನ್ನು ಕಲಿಸಿದಳು. ಆಮೇಲೆ ಕಾಂಪೌಂಡಿನೊಳಗೆ, ಆಮೇಲೆ ಬೀದಿಯಲ್ಲಿ, ಆಮೇಲೆ ಕೆರೆ ಏರಿಯ ಮೇಲೆ ನಡೆಸಿದಳು. ನಡುನಡುವೆ ಫೋನ್ ಮಾಡಿ ವಿಚಾರಿಸುತ್ತಿದ್ದಳು. ಆ ಫೋನಿಗೆ ಉತ್ತರ ಕೊಡಬೇಕಲ್ಲ ಎಂದೇ ಇವರು ಎಷ್ಟೋ ದಿನ ಎದ್ದು ಹೋದರು. ನಾನು ಹೇಳಿದ್ದರೆ ಹೋಗುತ್ತಿರಲಿಲ್ಲ!

ಸುಮ್ನೆ ‘ಓಡಿ, ನಡೀರಿ’ ಎಂದು ಬಿಟ್ಟುಬಿಡುವುದೂ ಸರಿಯಲ್ಲ. ಅದೇ ಅಧ್ಯಯನದಲ್ಲಿ ವ್ಯಾಯಾಮ ಮಾಡಿದವರಿಗೆ ಮೂಳೆ, ಕೀಲು, ಸ್ನಾಯುಗಳ ತೊಂದರೆ ಜಾಸ್ತಿಯೇ ಆಯಿತು. ಅದಕ್ಕೂ ನೋಡಿಕೊಳ್ಳುವವರು ಬೇಕು, ಅಲ್ವಾ?

ನಮ್ಮ ಸರ್ಕಾರ 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ಶುರು ಮಾಡಿದೆ. ಕೀಮೋಗಾಗಿ ಬೆಂಗಳೂರಿಗೆ ಬಸ್ಸು ಹತ್ತುವ ಕಷ್ಟ ಕಂಡವರಿಗೆ ಅದು ಎಷ್ಟು ದೊಡ್ಡ ಉಪಕಾರ ಎಂದು ಗೊತ್ತು. ಆ ಕೇಂದ್ರಗಳಲ್ಲೇ ಒಬ್ಬ ಫಿಸಿಯೋಥೆರಪಿಸ್ಟಿಗೆ ಈ ಕೆಲಸ ಒಪ್ಪಿಸಿ. ಕೀಮೋ ಮುಗಿಸಿ ಮನೆಗೆ ಹೋಗುವವರ ಫೋನ್ ನಂಬರ್ ಬರೆದುಕೊಂಡು, ಎರಡು ವಾರಕ್ಕೊಮ್ಮೆ ಕರೆ ಮಾಡಲಿ. ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಹೊಲದಲ್ಲಿ ದುಡಿಯುವವರಿಗೆ, ಮನೆಯಲ್ಲೇ ಇರುವ ಹೆಂಗಸರಿಗೆ, ಮಲ ಹೋಗಲು ಹೊಟ್ಟೆಗೆ ಸ್ಟೋಮಾ ಚೀಲ ಹಾಕಿಸಿಕೊಂಡವರಿಗೆ ಯಾವ ವ್ಯಾಯಾಮ ಹೊಂದುತ್ತದೆ ಎಂಬುದನ್ನು ನಮ್ಮ ಕಿದ್ವಾಯಿ ಸಂಸ್ಥೆಯ ತಜ್ಞರು ಇಲ್ಲಿನ ಬದುಕು ನೋಡಿ ತೀರ್ಮಾನಿಸಲಿ. ಕೆನಡಾದ ಜಿಮ್ ನಮಗೆ ಬೇಕಿಲ್ಲ.

ನಿಮ್ಮ ವರದಿಗಾರರು ಆರೋಗ್ಯ ಇಲಾಖೆಯವರನ್ನು ‘ಇದನ್ನು ಮಾಡುತ್ತೀರಾ?’ ಎಂದು ಇದೊಂದು ಪ್ರಶ್ನೆ ಕೇಳಿ, ಅವರ ಉತ್ತರವನ್ನು ಪ್ರಕಟಿಸಬೇಕೆಂದು ವಿನಂತಿ.

– ಒಬ್ಬ ಓದುಗಳು, ಸರಸ್ವತಿಪುರಂ, ಮೈಸೂರು